ಮಾಮನ ಒಂದು ಕಾಮೆಂಟ್

ಭಾನುವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕಾರಣ, ನಮ್ಮಕ್ಕನ ಮಗಳು ಸುಮಾ. (ಹೆಸರು ಬದಲಿಸಿದ್ದೇನೆ. ಈ ಸಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.)

ಸುಮಾ ಕಂಪ್ಲಿಯವಳು. ಹೊಸಪೇಟೆಯಲ್ಲಿ ಡಿಗ್ರಿ ಮುಗಿಸಿ, ಈಗ ಸಂಡೂರಿನ ಒಂದು ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಾಳೆ. ಮೊನ್ನೆ ಕೆಲಸ ಖಾಯಂ ಆಯಿತು. ಮಾಮ ಸುಮ್ಮನಿರುತ್ತಾನೆಯೇ? ಫೇಸ್‌ಬುಕ್‌ನಲ್ಲಿ ಅವಳ ಫೋಟೊ ಹಾಕಿ ಉದ್ದನೆಯ ಅಭಿನಂದನೆ ಬರೆದೆ. ಬಳಗವೆಲ್ಲ ಲೈಕ್ ಒತ್ತಿತು. ಸುಮಾ ಮಾತ್ರ ನಾಪತ್ತೆ.

ಭಾನುವಾರ ಹೊಸಪೇಟೆಯ ನಮ್ಮ ಮನೆಗೆ ಬಂದಾಗ ಕೇಳಿದೆ. "ಏನವ್ವಾ, ನೋಡೇ ಇಲ್ಲಲ್ಲ?"

"ನಾ ಅಲ್ಲಿಲ್ಲ ಮಾಮಾ. ಬಿಟ್ಟು ಮೂರು ವರ್ಷಾತು."

"ಯಾಕ, ಬೋರಾತೇನು? ನಿಮಗೆಲ್ಲ ರೀಲ್ಸೇ ಮಸ್ತ್!" ಎಂದು ನಕ್ಕೆ. (ಯುವಜನರ ಬಗ್ಗೆ ಒಂದು ಅಂಕಣಕ್ಕೆ ಸರಕು ಸಿಕ್ಕಿತೆಂದು ಒಳಗೊಳಗೇ ಖುಷಿ.)

ಅವಳು ನಗಲಿಲ್ಲ. "ಹಂಪಿ ಫೋಟೊ ನೆನಪೈತೇನ್ರಿ?"

ಇರಲಿಲ್ಲ. ಅವಳೇ ಹೇಳಿದಳು. ಡಿಗ್ರಿ ಎರಡನೇ ವರ್ಷದಲ್ಲಿ ಕ್ಲಾಸಿನವರೆಲ್ಲ ಹಂಪಿಗೆ ಹೋಗಿದ್ದರು. ಬಜಾರಿನ ಕಲ್ಲುಮಂಟಪದಲ್ಲಿ ಗ್ರೂಪ್ ಫೋಟೊ. ಅವಳ ಪಕ್ಕದಲ್ಲಿ ನಿಂತವನು ಬರೀ ಸಹಪಾಠಿ. ಆ ಫೋಟೊದ ಕೆಳಗೆ ಮೊದಲ ಕಾಮೆಂಟು ನನ್ನದು: "ಎಡಕ್ಕಿರೋ ಹೀರೋ ಯಾರವ್ವಾ?" ಜೊತೆಗೆ ಕಣ್ಣು ಹೊಡೆಯುವ ಇಮೋಜಿ.

ನನಗದು ತಮಾಷೆ. ಎಮ್ಮಿಗನೂರಿನ ದೊಡ್ಡಪ್ಪ "ನಾನೂ ಅದ್ನ ಕೇಳ್ಬೇಕಂತಿದ್ದೆ" ಎಂದು ಬರೆದರು. ಅತ್ತೆಯೊಬ್ಬರು "ಮನ್ಯಾಗ ಗೊತ್ತೈತೋ ಇಲ್ಲೋ?" ಎಂದರು. ಸಂಜೆಯೊಳಗೆ ಭಾವನಿಗೆ ಫೋನು ಹೋಯಿತು. ಮರುದಿನ ಅವಳ ಬಸ್ ಪಾಸ್ ಬೀರು ಸೇರಿತು. ಹದಿನೈದು ದಿನ ಕಾಲೇಜಿಲ್ಲ. ಒಂದು ಪ್ರಾಕ್ಟಿಕಲ್ ಪರೀಕ್ಷೆಯೂ ತಪ್ಪಿತು. ಕೊನೆಗೆ ಲೆಕ್ಚರರ್ ಒಬ್ಬರು ಮನೆಗೇ ಬಂದು ಕೈಮುಗಿದ ಮೇಲೆ ಪಾಸ್ ಹೊರಬಂತು.

"ನನಗ್ಯಾಕ ಹೇಳಲಿಲ್ಲ? ನಿಮ್ಮಪ್ಪಗ ನಾ ಹೇಳ್ತಿದ್ನಲ್ಲ!"

"ಹೆಂಗ ಹೇಳ್ಲಿ ಮಾಮಾ? ಮೊದ್ಲು ಕೇಳಿದವ್ರೇ ನೀವು."

ಈ ಮೂರು ವರ್ಷದಲ್ಲಿ ಅವಳು ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡು ಹೋಗಿದ್ದಾಳೆ! ಒಂದು ದಿನವೂ ಮುಖ ಸಣ್ಣದು ಮಾಡಿಲ್ಲ. ಅದೇ ಈಗ ಹೆಚ್ಚು ಚುಚ್ಚುತ್ತಿದೆ.

"ತಪ್ಪಾತವ್ವಾ" ಎಂದೆ.

"ಇರ್ಲಿ ಬಿಡ್ರಿ. ಮೊನ್ನೆ ಹಾಕೀರಲ್ಲ, ಅದ್ನ ತಗದ್ಬಿಡ್ರಿ ಸಾಕು."

ಅವಳೆದುರೇ ಡಿಲೀಟ್ ಮಾಡಿದೆ. ಆದರೂ ಬಾಯಿ ಸುಮ್ಮನಿರಬೇಕಲ್ಲ? "ಮತ್ತ ಈಗ ಯಾವುದ್ರಾಗ ಇದ್ದೀ?" ಎಂದುಬಿಟ್ಟೆ.

ಆಗ ಮಾತ್ರ ಸುಮಾ ನಕ್ಕಳು. "ಅದೊಂದು ಕೇಳಬ್ಯಾಡ್ರಿ ಮಾಮಾ."

ನಮ್ಮ ಮಕ್ಕಳು ಬಿಟ್ಟುಹೋದದ್ದು ಫೇಸ್‌ಬುಕ್ಕನ್ನೋ, ನಮ್ಮನ್ನೋ?