ದ್ರೌಪದಿಯ ಶ್ಯಾವಿಗೆ ಪಾಳಿ

ನನ್ನ ಹೆಂಡತಿ ದ್ರೌಪದಿ ನೌಕರಿಯಿಂದ ನಿವೃತ್ತಳಾದ ಮರುದಿನ ಬೆಳಿಗ್ಗೆ, ಚಹಾ ಕುಡಿಯುತ್ತಲೇ ವಾಟ್ಸಾಪ್ ಗ್ರೂಪುಗಳನ್ನೆಲ್ಲ ಒಂದೊಂದಾಗಿ ಬಿಟ್ಟಳು. ಕಚೇರಿಯದು, ಸಾಹೇಬರಿಗೆ ಗೊತ್ತಾಗದಂತೆ ಕಚೇರಿಯವರೇ ಮಾಡಿಕೊಂಡದ್ದು, ನೌಕರರ ಸಂಘದ್ದು, ತವರಿನವರದು, ಹತ್ತನೇ ಇಯತ್ತೆಯ ಗೆಳತಿಯರದು, ಕೊನೆಗೆ ನಮ್ಮ ಓಣಿಯದು. ಫೇಸ್‌ಬುಕ್ಕಿಗೂ ಅದೇ ಗತಿ. ಅವಳು ಕಪ್ಪು ಕೆಳಗಿಡುವಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತು. ಮೊದಲನೆಯವನು ನಿಪ್ಪಾಣಿಯಲ್ಲಿರುವ ಅವಳ ತಮ್ಮ ಜ್ಞಾನದೇವ.

"ದಾಜಿ, ಅಕ್ಕಾ ಗ್ರೂಪ್ ಬಿಟ್ಟಾಳಲ್ರಿ! ಮನ್ಯಾಗ ಏನರ ಜಗಳಾ-ಭಾಂಡಣ ಆಗೈತೇನ್ರಿ?"

"ಭಾಂಡಣ ಆಗಿದ್ರ ನನ್ನ ಬಿಡ್ತಿದ್ಳೋ, ಗ್ರೂಪ್ ಯಾಕ ಬಿಡ್ತಿದ್ಳು?" ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಹಾರೂಗೇರಿಯಿಂದ ರಾಯಬಾಗಕ್ಕೆ ಬಸ್ಸಿನಲ್ಲಿ ಹೋಗಿ ಬಂದು, ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ತಲೆ ಹಣ್ಣು ಮಾಡಿಕೊಂಡವಳು ಅವಳು. ನಾನು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಅವಳಿಗಿಂತ ಮೊದಲೇ ಮನೆ ಹಿಡಿದೆ. ಹಾಗಾಗಿ ಸುಮ್ಮನೆ ಕೂಡುವ ವಿದ್ಯೆಯಲ್ಲಿ ನಾನು ಅವಳಿಗೆ ಸೀನಿಯರ್. ಅವಳಿಗೆ ಆ ವಿದ್ಯೆ ಒಲಿಯುವುದಿಲ್ಲ ಎಂದುಕೊಂಡಿದ್ದೆ. ಬಸ್ಸಿನ ಹೊತ್ತಿಗೆ ಸೀರೆ ಉಟ್ಟು, ತಲೆ ಬಾಚಿ, ಎಲ್ಲಿ ಹೋಗಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತುಬಿಡುತ್ತಿದ್ದಳು. ಅಡುಗೆ ಮಾಡುವಾಗಲೂ ಕೈ ತನ್ನಷ್ಟಕ್ಕೆ ಫೋನು ಇರುತ್ತಿದ್ದ ಕಪಾಟಿನ ಕಡೆ ಹೋಗಿ ಬರುತ್ತಿತ್ತು. ನೋಡಿದರೆ ನಗು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು.

ದೀಪಾವಳಿ ದಾಟುವಷ್ಟರಲ್ಲಿ ಹದಕ್ಕೆ ಬಂದಳು. ಮೆಂತ್ಯೆ ಸೊಪ್ಪನ್ನು ಕಟ್ಟೆಯ ಮೇಲೆ ಕೂತು ನಿಧಾನವಾಗಿ ಬಿಡಿಸುವುದು, ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ತೆಗೆಯುವುದು, ಸಂಜೆ ನನ್ನ ಜೊತೆ ಪೇಟೆಗೆ ಬಂದು ನಾನು ಆರಿಸಿದ ಬದನೆಕಾಯಿಯನ್ನೆಲ್ಲ ತಿರುಗಿ ಮಾರುವವಳ ಬುಟ್ಟಿಗೆ ಹಾಕಿ ಬೇರೆ ಆರಿಸುವುದು. ಇಷ್ಟು ದಿನ ಚಹಾ ಬಿಸಿ ಇರುವಾಗ ಕುಡಿದದ್ದೇ ಇಲ್ಲ ಎಂದು ಒಂದು ದಿನ ಆಶ್ಚರ್ಯದಿಂದ ಹೇಳಿದಳು. ಗ್ರೂಪು ಯಾಕೆ ಬಿಟ್ಟೆ ಎಂದು ಆಗಲೇ ಕೇಳಿದ್ದು.

"ಯಾರರ ಸತ್ರ ಕೈ ಮುಗಿದ ಚಿತ್ರಾ ಒತ್ತತಿದ್ನಿ, ಕೂಸ ಹುಟ್ಟಿದ್ರ ಹೂವಿನ ಚಿತ್ರಾ" ಎಂದಳು. "ಬಸ್ಸಿನ್ಯಾಗ ನಿಂತ ಒತ್ತತಿದ್ನಿ, ಮುಂದಿನ ಸ್ಟಾಪಿಗೆ ಮರೀತಿದ್ನಿ. ಒಬ್ಬರ ಮನಿ ಬಾಗಲಕ್ಕೂ ಹೋಗಲಿಲ್ರಿ. ನಾಚಿಕಿ ಬರತೈತಿ."

ಆ ಲೆಕ್ಕದಲ್ಲಿ ನಾನೂ ಅಂಥ ದೊಡ್ಡ ಮನುಷ್ಯನೇನಲ್ಲ.

ಬೇಸಿಗೆ ಬಂತು. ನಮ್ಮ ಮಗಳು ಸಾರಿಕಾ ಅಥಣಿಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳ ಮದುವೆ ಮೇ ತಿಂಗಳಿಗೆ ಗಟ್ಟಿಯಾಯಿತು. ನಮ್ಮ ಕಡೆ ಹೆಣ್ಣಿನ ಮನೆಯವರು ಮಂಟಪದಲ್ಲಿ ರುಖವತ ಇಡಬೇಕು. ಶ್ಯಾವಿಗೆ, ಹಪ್ಪಳ, ಸಂಡಿಗೆ, ಉಂಡೆ, ಕರಜಿಕಾಯಿ ಎಲ್ಲವನ್ನೂ ತಾಟುಗಳಲ್ಲಿ ಜೋಡಿಸಿ ಬೀಗರಿಗೆ ತೋರಿಸುವ ಪದ್ಧತಿ. ಶ್ಯಾವಿಗೆಯನ್ನು ಮನೆಯಲ್ಲೇ ಹೊಸೆಯಬೇಕೆಂದು ದ್ರೌಪದಿ ಹಟ ಹಿಡಿದಳು.

"ಮಮ್ಮಿ, ಪ್ಯಾಟ್ಯಾಗ ಚಲೋ ಪ್ಯಾಕೆಟ್ ಸಿಗ್ತಾವ. ಯಾರ ನೋಡ್ತಾರ?" ಎಂದಳು ಸಾರಿಕಾ.

"ನಾ ನೋಡ್ತೀನಲ್ಲ" ಎಂದಳು ದ್ರೌಪದಿ.

ಕೈ ಶ್ಯಾವಿಗೆ ಒಬ್ಬರ ಕೆಲಸವಲ್ಲ. ಮಣೆಯನ್ನು ಮಂಚಕ್ಕೆ ಆನಿಸಿ ಮೇಲೆ ಕೂತವಳು ಹಿಟ್ಟು ಹೊಸೆಯುತ್ತ ಹೋದಂತೆ ಎಳೆ ಇಳಿಯುತ್ತದೆ. ಕೆಳಗೆ ಕೂತವಳು ಕಡಿಯದಂತೆ ಅದನ್ನು ಕೈಯಲ್ಲಿ ಹಿಡಿಯಬೇಕು, ಇನ್ನೊಬ್ಬಳು ಕೋಲಿನ ಮೇಲೆ ಒಣಗಲು ಹಾಕಬೇಕು. ಓಣಿಯ ಹೆಂಗಸರೆಲ್ಲ ಒಂದು ದಿನ ಒಬ್ಬರ ಮನೆಗೆ, ಇನ್ನೊಂದು ದಿನ ಇನ್ನೊಬ್ಬರ ಮನೆಗೆ ಹೋಗಿ ಮಾಡಿಕೊಡುತ್ತಾರೆ. ಯಾರ ಮನೆ ಯಾವ ದಿನ ಎನ್ನುವ ಪಾಳಿ ಹಚ್ಚುವವಳು ಎದುರು ಮನೆಯ ಲಕ್ಕವ್ವ. ದ್ರೌಪದಿ ಅವಳ ಮನೆಗೆ ಹೋಗಿ ವಿಷಯ ಹೇಳಿ, ಕಚೇರಿಯ ರೂಢಿಯಂತೆ ಕೊನೆಗೆ ಒಂದು ಮಾತು ಸೇರಿಸಿಬಿಟ್ಟಳು: "ಎಲ್ಲಾರಿಗೂ ಒಂದಿನದ ಪಗಾರ ಕೊಡ್ತೀನ್ರಿ."

ಲಕ್ಕವ್ವ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳಂತೆ. "ನಾವು ಪಗಾರಿ ಆಳ ಅಲ್ರಿ ಮೇಡಂ. ನಮ್ಮೊಳಗ ಮುಯ್ಯಿ ನಡೀತೈತಿ. ನಾ ನಿಮ್ಮನಿಗೆ, ನೀವು ನಮ್ಮನಿಗೆ. ನೀವು ಯಾರ ಮನಿಗೆ ಬಂದೀರಿ?"

ದ್ರೌಪದಿ ಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅಥಣಿ ಕಡೆಯ ತವರೂರು ಅನಂತಪುರದಲ್ಲಿ ಅವಳ ತಾಯಿ ಇಂಥ ಮುಯ್ಯಿಗೆ ಹೋಗುವಾಗ ಸೆರಗು ಹಿಡಿದು ಹಿಂದೆ ಓಡುತ್ತಿದ್ದವಳು ಅವಳೇ. ಗೊತ್ತಿಲ್ಲದ್ದೇನಲ್ಲ. ಆದರೂ ಬಾಯಿಂದ ಆ ಮಾತು ಬಂದಿತ್ತು.

"ಈ ಓಣ್ಯಾಗ ನಂದ ಯಾರ ಕಡೆನೂ ಒಂದ ಮುಯ್ಯಿ ಇಲ್ರಿ" ಎಂದಳು. ಕಣ್ಣಲ್ಲಿ ನೀರಿತ್ತು. ಚೇಷ್ಟೆ ಮಾಡಬೇಕೆಂದಿದ್ದವನು ಒಳಗೆ ಹೋಗಿ ಅವಳಿಗೆ ನೀರು ತಂದುಕೊಟ್ಟೆ. ಇಷ್ಟು ವರ್ಷ ಇಬ್ಬರೂ ಈ ಓಣಿಗೆ ಬರೀ ಮಲಗಲು ಬರುತ್ತಿದ್ದೆವು.

ಮರುದಿನ ಲಕ್ಕವ್ವನ ಮನೆಯಲ್ಲೇ ಶ್ಯಾವಿಗೆ ಇತ್ತು. ದ್ರೌಪದಿ ಹಳೆಯ ಸೀರೆ ಉಟ್ಟು ಹೊರಟಳು.

"ಅವರು ಕರೀದ ಹೋಗ್ತೀಯೇನ?" ಎಂದೆ.

"ಬ್ಯಾಡ ಅಂದ್ರ ತಿರುಗಿ ಬರ್ತೀನಿ. ದೂರೇನೈತಿ?"

ತಿರುಗಿ ಬರಲಿಲ್ಲ. ಮಧ್ಯಾಹ್ನ ಯಾವುದೋ ನೆಪ ಮಾಡಿ ನಾನೇ ಆ ಬಾಗಿಲ ಮುಂದೆ ಹಾದು ಹೋದೆ. ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಹಿಡಿದ ಎಳೆಯೆಲ್ಲ ಕೈಯಲ್ಲಿ ತುಂಡಾಗುತ್ತಿತ್ತು, ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಲಕ್ಕವ್ವ ಮಾತ್ರ ನಗದೆ, ತುಂಡುಗಳನ್ನು ತೆಗೆದು ಮತ್ತೆ ಹಿಟ್ಟಿಗೆ ಸೇರಿಸುತ್ತ, "ಬೆರಳ ಸಡ್ಲ ಬಿಡ್ರಿ ಮೇಡಂ, ಫೈಲ್ ಹಿಡಿದಂಗ ಹಿಡೀಬ್ಯಾಡ್ರಿ" ಎನ್ನುತ್ತಿದ್ದಳು.

ಅಂದಿನಿಂದ ಓಣಿಯಲ್ಲಿ ಯಾರ ಮನೆಯ ಪಾಳಿ ಇದ್ದರೂ ದ್ರೌಪದಿ ಹಾಜರು. ಸಂಜೆ ಸೊಂಟ ಹಿಡಿದುಕೊಂಡು ಬರುತ್ತಿದ್ದಳು, ನಾನು ಎಣ್ಣೆ ತಿಕ್ಕಬೇಕು. ತಿಕ್ಕಿಸಿಕೊಳ್ಳುತ್ತ ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದಳು: ಯಾರ ಸೊಸೆಗೆ ದಿನ ತುಂಬಿವೆ, ಯಾರ ಎಮ್ಮೆ ಹಾಲು ಕಡಿಮೆ ಮಾಡಿದೆ. ಅವಳು ಅಷ್ಟು ಖುಷಿಯಾಗಿದ್ದುದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಆದರೆ ತನ್ನ ಮನೆಯ ಮಾತನ್ನು ಅವಳು ಎತ್ತಲಿಲ್ಲ, ಅವರೂ ಕೇಳಲಿಲ್ಲ. ಮದುವೆ ಹತ್ತಿರ ಬಂತು. ಸಂಜೆಯಾದರೆ ಮೋಡ ಕಟ್ಟತೊಡಗಿತು. ಬಿಸಿಲಿಲ್ಲದಿದ್ದರೆ ಶ್ಯಾವಿಗೆ ಒಣಗುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಪೇಟೆಗೆ ಹೋಗಿ ಮಶೀನಿನ ಶ್ಯಾವಿಗೆಯ ಪ್ಯಾಕೆಟ್ಟುಗಳನ್ನು ತಂದು, ಟ್ರಂಕಿನಲ್ಲಿ ನನ್ನ ಅಂಗಿಗಳ ಕೆಳಗೆ ಮುಚ್ಚಿಟ್ಟೆ.

ಕೊನೆಗೆ ಒಂದು ಸಂಜೆ ಅವಳೇ ಮನೆ ಮನೆಗೆ ಹೋಗಿ, ನಾಳೆ ನಮ್ಮನಿಗೆ ಬರ್ರಿ ಎಂದು ಕರೆದು ಬಂದಳು.

"ಏನಂದ್ರು?"

"ನೋಡ್ತೀವಿ ಅಂದ್ರು."

"ಎಲ್ಲಾರೂ?"

"ಎಲ್ಲಾರೂ" ಎಂದವಳು ರವೆ ನೆನೆಹಾಕಿದಳು. ನನಗಾದರೆ ಆ ಉತ್ತರ ಒಂದಿಷ್ಟೂ ಹಿಡಿಸಲಿಲ್ಲ.

ಬೆಳಿಗ್ಗೆ ಎದ್ದು ಹಿಟ್ಟು ನಾದಿ, ಅಂಗಳ ಸಾರಿಸಿ, ಕೋಲು ಕಟ್ಟಿ, ಚಾಪೆ ಹಾಸಿದಳು. ಬಿಸಿಲು ಕಟ್ಟೆಯ ಮೇಲೆ ಬಂತು, ಯಾರೂ ಬರಲಿಲ್ಲ. ಬಿಸಿಲು ಬಾಗಿಲಿಗೆ ಬಂತು. ಆ ಸೆಕೆಯಲ್ಲಿ ಹಿಟ್ಟು ಸಂಜೆಯವರೆಗೆ ತಡೆಯುವುದಿಲ್ಲ, ಹುಳಿಯಾಗುತ್ತದೆ. ಅವಳು ಒದ್ದೆ ಬಟ್ಟೆ ಮುಚ್ಚುವುದು, ತೆಗೆದು ನೋಡುವುದು, ಮತ್ತೆ ಮುಚ್ಚುವುದು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಿಂಗಳು ಸೊಂಟ ಮುರಿದುಕೊಂಡು ದುಡಿದವಳಿಗೆ ಇದೇನಾ ಮರ್ಯಾದೆ? ಟ್ರಂಕು ತೆಗೆದು, ಪ್ಯಾಕೆಟ್ಟುಗಳನ್ನು ತಂದು ಅವಳ ಮುಂದೆ ಸುರಿದೆ.

"ಇವನ್ನ ಇಡು ತಾಟಿನ್ಯಾಗ. ಯಾರದೂ ಹಂಗ ಬ್ಯಾಡ!"

ಅವಳು ಪ್ಯಾಕೆಟ್ಟು ನೋಡಿದಳು, ನನ್ನನ್ನು ನೋಡಿದಳು. "ಅವರು ಬರೂದಿಲ್ಲಂತ ನಿಮಗ ಮೊದಲ ಅನಿಸಿತ್ತೇನು?" ಎಂದಳು.

ಸಿಟ್ಟೆಲ್ಲ ಇಳಿದು ಹೋಗಿ ನಾಚಿಕೆಯಾಯಿತು. ಪ್ಯಾಕೆಟ್ಟುಗಳನ್ನು ಬಾಚಿಕೊಂಡು ಒಳಗೆ ಹೋಗುವಷ್ಟರಲ್ಲಿ ಹೊರಗೆ ಬಳೆ ಸದ್ದು, ಮಾತಿನ ಗದ್ದಲ. ಮುಂದೆ ಲಕ್ಕವ್ವ, ತಲೆಯ ಮೇಲೆ ಮಣೆ. ಹಿಂದೆ ಇಡೀ ಓಣಿ. ಎಲ್ಲರ ಸೀರೆಯೂ ಮೊಣಕಾಲ ತನಕ ತೊಯ್ದಿತ್ತು.

"ಇಂದ ನಳಾ ಬಿಟ್ಟಿದ್ರಿ" ಎಂದಳು ಲಕ್ಕವ್ವ. "ನೀರ ತುಂಬಿ ಮೇಡಂ ಮನಿಗೆ ಹೋಗೂನು ಅಂತ ನಮ್ಮ ಸೊಸಿ ನಿನ್ನೆನ ಗ್ರೂಪಿನ್ಯಾಗ ಹಾಕಿದ್ಳಲ್ಲ. ನೋಡಲಿಲ್ಲೇನು?"

ನಮ್ಮ ಮನೆಗೆ ಬೋರಿನ ನೀರಿದೆ. ಓಣಿಯ ನಳಕ್ಕೆ ನೀರು ಯಾವತ್ತು ಬರುತ್ತದೆ ಎನ್ನುವುದೇ ನಮಗೆ ಗೊತ್ತಿರುವುದಿಲ್ಲ. ಗ್ರೂಪಂತೂ ಬಿಟ್ಟೇ ಬಿಟ್ಟಿದ್ದಳು.

"ಆ ಗ್ರೂಪಿನ್ಯಾಗ ನಾ ಇಲ್ರಿ" ಎಂದಳು ದ್ರೌಪದಿ.

"ಈಗ ಹಾಕ್ಲೇನ್ರಿ?" ಸೊಸೆ ಫೋನು ತೆಗೆದಳು.

"ಬ್ಯಾಡವಾ. ನಳಾ ಬಂದ್ರ ಬಾಗಲಾ ಬಡಿ."

ಎಲ್ಲರೂ ನಕ್ಕರು. ಲಕ್ಕವ್ವ ಮಂಚಕ್ಕೆ ಮಣೆ ಆನಿಸಿ, ಹಿಟ್ಟು ಕೈಗೆ ತೆಗೆದುಕೊಂಡು ಚಿವುಟಿ ನೋಡಿ, ಹದ ಬಂದೈತಿ ಎಂದಳು. ಆಮೇಲೆ ಆ ಅಂಗಳದಲ್ಲಿ ನನ್ನನ್ನು ಕೇಳುವವರಿಲ್ಲ. ಚಹಾ ಮಾಡಿ ಕೊಟ್ಟೆ. ಸಕ್ಕರೆ ಕಾರ್ಖಾನ್ಯಾಗ ಇದ್ದವರು ಚಹಾಕ್ಕ ಸಕ್ರಿ ಕಮ್ಮಿ ಹಾಕ್ಯಾರ ಎಂದು ಅದರಲ್ಲೂ ತಪ್ಪು ತೆಗೆದರು. ದ್ರೌಪದಿ ಕೆಳಗೆ ಕೂತು ಎಳೆ ಹಿಡಿಯುತ್ತಿದ್ದಳು. ಒಂದೂ ಕಡಿಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಕಡಿದವು ಕಡಿಮೆ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಜುಣಕ, ರೊಟ್ಟಿ ಉಂಡರು. ಹೊತ್ತು ಇಳಿಯುವಷ್ಟರಲ್ಲಿ ಕೋಲುಗಳೆಲ್ಲ ತುಂಬಿದ್ದವು, ಮೋಡವೂ ಅಂದು ನಮ್ಮ ಕಡೆ ಬರಲಿಲ್ಲ.

ಹೆಂಗಸರು ಕೈ ತೊಳೆದು ಕುಂಕುಮ ಹಚ್ಚಿಸಿಕೊಂಡು ಹೊರಟರು. ದ್ರೌಪದಿ ಅವರ ಹಿಂದೆಯೇ ಬಾಗಿಲ ತನಕ ಬಂದು ನಿಂತಳು. ಲಕ್ಕವ್ವ ಮಣೆಯನ್ನು ತಲೆಗೇರಿಸಿ, ಹಿಂದೆ ತಿರುಗದೆ ಹೇಳುತ್ತ ನಡೆದಳು.

"ನಾಡಿದ್ದ ನಮ್ಮ ಮೈದುನ ಭಾವುಸಾಹೇಬನ ಮನ್ಯಾಗ ಕಡಕ ರೊಟ್ಟಿ ಮಾಡೂದೈತಿ. ನಸುಕಿನ್ಯಾಗ ಬರಬೇಕ್ ನೋಡ. ನಿನ್ನ ಹಿಡದ ಲೆಕ್ಕಾ ಹಾಕೀನಿ."

ದ್ರೌಪದಿ ಹೂಂ ಎಂದಳೋ ಇಲ್ಲವೋ ನನಗೆ ಕೇಳಿಸಲಿಲ್ಲ. ಓಣಿ ಖಾಲಿಯಾಗುವ ತನಕ ನಿಂತಿದ್ದು, ಒಳಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಡಿದ್ದ ಮುಂಜಾನಿ ನಿಮ್ಮ ನಾಷ್ಟಾ ನೀವ ಮಾಡ್ಕೋರಿ" ಎಂದಳು. "ನನ್ನ ಕರದಾರ."