ಹರತಾಳದ ದಿನದ ಅಜ್ಜಿ ವೇಷ

ಟಿ.ವಿ. ಧಾರಾವಾಹಿಯಲ್ಲಿ ನನ್ನನ್ನು ಖಳನಾಗಿ ನೋಡಿದವರು ನಂಬಲಿಕ್ಕಿಲ್ಲ, ಅದಕ್ಕೂ ಮೊದಲು ನಾನು ನಮ್ಮೂರ ತುಳು ನಾಟಕಗಳ ಅಜ್ಜಿ. ಪೊಲೀಸು, ಕುಡುಕ, ಯಮ ಎಲ್ಲ ಮಾಡಿದ್ದೇನೆ. ಜನರಿಗೆ ಬೇಕಾದದ್ದು ಅಜ್ಜಿಯೇ. ಕುಂಬಳೆ ಪೇಟೆಯಲ್ಲಿ ನಾನು ಚಹಾ ಕೇಳಿದರೂ ನಗುತ್ತಿದ್ದರು. ಅದನ್ನೇ ದೊಡ್ಡ ಭಾಗ್ಯ ಅಂದುಕೊಂಡಿದ್ದೆ, ಮಂಕ!

ಒಂದು ಹರತಾಳದ ಬೆಳಿಗ್ಗೆ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾಯಿತು. ಚೊಚ್ಚಲು. ಭಾವ ಗಲ್ಫಿನಲ್ಲಿ, ಅಮ್ಮ ತೀರಿಕೊಂಡಿದ್ದಳು, ಮನೆಯಲ್ಲಿ ಇದ್ದದ್ದು ನಾನೊಬ್ಬನೇ. ಏನಾದರೂ ಆದರೆ ನೇರ ಮಂಗಳೂರಿಗೆ ಕರೆತನ್ನಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬಸ್ಸಿಲ್ಲ, ಜೀಪಿಲ್ಲ. ನೆರೆಮನೆಯ ಬ್ಯಾರಿ ಕಾಕ ತಮ್ಮ ರಿಕ್ಷಾ ಹೊರಡಿಸಿದರು. "ಕಲ್ಲು ಬಿದ್ದರೆ ಗ್ಲಾಸಿಗೆ ಬೀಳ್ಲಿ, ನೀನು ಕೂತ್ಕೋ" ಎಂದರು.

ಹೊಸಂಗಡಿ ಮುಟ್ಟುವ ಮೊದಲೇ ರಸ್ತೆಗೆ ಅಡ್ಡ ಕಲ್ಲು, ಉರಿಯುವ ಟಯರು, ಒಂದು ಗುಂಪು. ಇಳಿದು ಕೈ ಮುಗಿದೆ. "ತಂಗಿಗೆ ಹೆರಿಗೆ ನೋವು, ಬಿಡಿ."

ಒಬ್ಬ ನನ್ನ ಮುಖ ನೋಡಿ ಕಿರುಚಿದ. "ಓ, ಇದು ನಮ್ಮ ಅಜ್ಜಿ ಅಲ್ವಾ ಮಾರಾಯ!"

ಮುಗಿಯಿತು ಕಥೆ. ನಾನು ಅಂಗಲಾಚಿದಷ್ಟೂ ಅವರು ನಕ್ಕರು. ಅಳುತ್ತಾ ಮತ್ತೆ ಕೈ ಮುಗಿದೆ, ಅದಕ್ಕೂ ನಗು. "ಆಸ್ಪತ್ರೆ ಅಂತ ಎಲ್ಲರೂ ಹೇಳ್ತಾರೆ. ನಾಟಕದವರಿಗೆ ಅಳಲಿಕ್ಕೆ ಕಲಿಸ್ಬೇಕಾ?" ಎಂದ ಇನ್ನೊಬ್ಬ. ರಿಕ್ಷಾದ ಪರದೆ ಎತ್ತಿ ತೋರಿಸೋಣವೆಂದು ಕೈ ಹಾಕಿದೆ. ಒಳಗಿನಿಂದ ತಂಗಿ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅಷ್ಟು ಗಂಡಸರ ಎದುರು ಆ ಸ್ಥಿತಿಯಲ್ಲಿ ಕಾಣಿಸಿಕೊಳ್ಳಲು ಅವಳಿಗೆ ನಾಚಿಕೆ; ಸೆರಗು ಕಚ್ಚಿಕೊಂಡು ನೋವು ನುಂಗುತ್ತಿದ್ದಳು. ಕೂಗೇ ಮಾರಾಯ್ತಿ, ಒಂದು ಸಲ ಕೂಗು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಕೂಗಲಿಲ್ಲ.

"ಅಜ್ಜಿಯ ಒಂದು ಡೈಲಾಗ್ ಹೊಡೀರಿ, ಬಿಡ್ತೇವೆ."

ತಲೆಗೆ ಟವೆಲ್ ಹೊದ್ದು ಸೊಂಟ ಬಗ್ಗಿಸಿದೆ. "ನನ್ನ ಸೊಸೆ ಮಾಡಿದ ಸಾರಿನಲ್ಲಿ ಸತ್ತ ಮೀನೂ ಈಜ್ತದೆ ಮಗಾ, ಅಷ್ಟು ನೀರು!" ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಅಂದರು. ಇನ್ನೊಂದು ಹೇಳಿದೆ. ಕೈಯಲ್ಲಿ ಕತ್ತಿಯಿದ್ದರೆ ಬೀಸಿಯೇ ಬಿಡುತ್ತಿದ್ದೆನೋ ಏನೋ, ಅಷ್ಟು ಸಿಟ್ಟು. ಆದರೂ ಅಜ್ಜಿಯ ಧ್ವನಿ ಒಂದಿಷ್ಟೂ ತಪ್ಪಲಿಲ್ಲ. ಕೊನೆಗೆ ಅವರೇ ಕಲ್ಲು ಸರಿಸಿ, ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ತಂಗಿ ಉಳಿದಳು. ಮಗು ಉಳಿಯಲಿಲ್ಲ.

"ಬೇಗ ಬಂದಿದ್ದರೂ ಇಷ್ಟೇ ಆಗ್ತಿತ್ತು" ಎಂದರು ಡಾಕ್ಟರು, ನನ್ನ ಭುಜ ಮುಟ್ಟಿ. ಸಮಾಧಾನಕ್ಕೆಂದು ಹೇಳುವ ಮಾತಿಗೆ ಮುಂಚೆ ಉಸಿರು ಒಂದು ಚೂರು ನಿಲ್ಲುತ್ತದೆ. ವೇದಿಕೆಯಲ್ಲಿ ಅದನ್ನೇ ಮಾಡಿ ಅನ್ನ ತಿನ್ನುವವನಿಗೆ ಗೊತ್ತಾಗದೆ ಇದ್ದೀತೇ?

ಮತ್ತೆ ನಾನು ಅಜ್ಜಿ ವೇಷ ಹಾಕಲಿಲ್ಲ. ತಂಡದವರು ಬೈದರು, ಕಾಲು ಹಿಡಿದರು, ಆಗುವುದಿಲ್ಲ ಎಂದೆ. ಕೆಲವು ವರ್ಷಗಳ ಮೇಲೆ ಬೆಂಗಳೂರಿನಿಂದ ಧಾರಾವಾಹಿಗೆ ಕರೆ ಬಂತು. "ಒಳಗೆ ಕೊಲ್ಲುವಷ್ಟು ಸಿಟ್ಟು, ಮುಖದಲ್ಲಿ ನಗು. ಮಾಡ್ತೀರಾ?" ಎಂದು ನಿರ್ದೇಶಕರು ಕೇಳಿದರು. ಟಯರು ಸುಟ್ಟ ವಾಸನೆ ನೆನೆಸಿಕೊಂಡೆ. ಮೊದಲ ಟೇಕೇ ಓಕೆ ಆಯಿತು. ಆಮೇಲೆ ಕುಂಬಳೆಯ ಹೆಂಗಸರು ನನ್ನನ್ನು ಕಂಡರೆ ಶಾಪ ಹಾಕುತ್ತಿದ್ದರು. ನಗುವುದಕ್ಕಿಂತ ಅದೇ ವಾಸಿ ಅನಿಸುತ್ತಿತ್ತು.

ಬಹಳ ಕಾಲದ ಮೇಲೆ ಒಂದು ದಿನ, ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ತಂಗಿ ಕೇಳಿದಳು. "ಅಣ್ಣಾ, ಆ ಅಜ್ಜಿಯನ್ನು ಯಾಕೆ ಬಿಟ್ಟದ್ದು?"

ತೊಳೆಯಲಿಕ್ಕೆಂದು ಮೀನಿನ ಪಾತ್ರೆ ನನ್ನ ಕಡೆ ಎಳೆದುಕೊಂಡೆ.

"ಆವತ್ತು ರಿಕ್ಷಾದೊಳಗೆ ನನಗೂ ನಗು ಬಂದಿತ್ತು, ಗೊತ್ತುಂಟಾ?"

ಅವಳ ಮುಖವನ್ನೇ ನೋಡಿದೆ. ಡಾಕ್ಟರ ಸುಳ್ಳನ್ನು ಆ ಕ್ಷಣವೇ ಹಿಡಿದವನು ನಾನು. ತಂಗಿ ಹೇಳಿದ್ದು ನಿಜವೋ, ನನಗೋಸ್ಕರ ಹೇಳಿದ್ದೋ, ಇವತ್ತಿನವರೆಗೂ ನನಗೆ ತಿಳಿದಿಲ್ಲ.