ಹೊಲಿಗೆಯ ಗುರುತಿನಲ್ಲಿದ್ದ ಗಂಟು

೨೦೧೯ನೆಯ ಇಸವಿ, ನನಗಾಗ ನಲವತ್ತೆಂಟು ವರ್ಷ. ಶಾಲೆಯ ಮಾಸ್ತರಿಕೆ ಬಿಟ್ಟು ಉಗಾರ ಖುರ್ದದಲ್ಲಿ ನೆಲೆಸಿದ್ದೆ. ಮಗಳು ಹುಟ್ಟುವಾಗ ನನ್ನ ಹೆಂಡತಿಗೆ ಸಿಸೇರಿಯನ್ ಆಗಿತ್ತು. ಆರು ವರ್ಷಗಳ ಬಳಿಕ ಅದೇ ಹೊಲಿಗೆಯ ಗುರುತಿನ ಎಡತುದಿಯಲ್ಲಿ ಅಡಿಕೆಯಷ್ಟು ಗಾತ್ರದ ಗಂಟೊಂದು ಕಾಣಿಸಿಕೊಂಡಿತು. ಹೆಂಡತಿಯ ತಾಯಿ ತೀರಿಕೊಂಡದ್ದು ಹೊಟ್ಟೆಯ ಕ್ಯಾನ್ಸರಿನಿಂದ. ಆ ಮಾತನ್ನು ನಾವಿಬ್ಬರೂ ಬಾಯಿಗೆ ತರಲಿಲ್ಲ; ಮನಸ್ಸಿನಲ್ಲಿದ್ದುದು ಅದೊಂದೇ.

ನೋವು ಬಂದ ದಿನಗಳನ್ನೆಲ್ಲ ನೋಟುಪುಸ್ತಕದಲ್ಲಿ ಬರೆದಿಟ್ಟೆ. ಚಿಕ್ಕೋಡಿಯ ವೈದ್ಯರು ಕೇಳಿದ ಪ್ರಶ್ನೆಗಳಿಗೆ ಅದನ್ನು ನೋಡಿ ನಾನೇ ಉತ್ತರಿಸಿದೆ. ಅವಳು ಸೆರಗು ಹೊದ್ದು ಪಕ್ಕದಲ್ಲಿ ಕುಳಿತಿದ್ದಳು. ವೈದ್ಯರು ಹರ್ನಿಯಾ ಇರಬಹುದೆಂದರು. ನಿಪ್ಪಾಣಿಯ ವೈದ್ಯರು, ಒಳಗುಳಿದ ಹೊಲಿಗೆದಾರದ ಸುತ್ತ ಕಟ್ಟಿದ ಗಂಟೆಂದು ಮಾತ್ರೆ ಕೊಟ್ಟರು. ಅದು ಕರಗಲಿಲ್ಲ.

ಕೊನೆಗೆ ಅಥಣಿಯ ವೈದ್ಯೆಯೊಬ್ಬರ ಬಳಿಗೆ ಹೋದೆವು. ನಾನು ಪುಸ್ತಕ ತೆರೆದೊಡನೆ ಅವರು ಕೈಯೆತ್ತಿ ತಡೆದರು.

“ಸರ್, ಹೊಟ್ಟಿ ನಿಮ್ದೋ, ಅಕ್ಕಾರದೋ?”

“ಅವರನ್ನ ಕೇಳ್ರಿ. ನನ್ನ ನೋವಿಗೂ ಹಾಜರಿ ಹಾಕ್ಯಾರ,” ಎಂದಳು ಹೆಂಡತಿ, ತಲೆಯೆತ್ತದೆ.

ವೈದ್ಯೆ ನಕ್ಕು, ದಿನಾಂಕಗಳ ಮೇಲೆ ಬೆರಳಾಡಿಸಿದರು. “ಈ ನೋವಿನ ದಿನಾ ನಿಮ್ಮನ್ಯಾಗ ದೇವರ ದೀಪಾ ಯಾರು ಹಚ್ಚಿದ್ರು?”

“ನಾನ ರೀ,” ಎಂದವನು ಪುಸ್ತಕದ ದಿನಾಂಕಗಳನ್ನು ಮತ್ತೆ ನೋಡಿದೆ.

ಮುಟ್ಟಾದಾಗ ಅವಳು ದೇವರಕೋಣೆಗೆ ಬರುವುದಿಲ್ಲ. ಆ ನಾಲ್ಕು ದಿನ ದೀಪ ಹಚ್ಚುವವನು ನಾನು. ತಿಂಗಳು ತಿಂಗಳೂ ದೀಪ ಹಚ್ಚಿ, ಕೈಯ ಎಣ್ಣೆ ಒರೆಸಿಕೊಂಡು ಬಂದು ನೋವಿನ ದಿನಾಂಕ ಬರೆದಿದ್ದೆ. ಎರಡನ್ನೂ ಕೂಡಿಸಿ ನೋಡಿರಲಿಲ್ಲ.

“ನಿಮಗ ಗೊತ್ತಿತ್ತೇನ್ರಿ ಅಕ್ಕಾ?” ಎಂದರು ವೈದ್ಯೆ.

“ಗೊತ್ತಿತ್ರಿ. ಗಂಡಸ್ರ ಮುಂದ ಹೆಂಗ ಹೇಳ್ಲಿ? ಮತ್ತ ಇವರು ನನ್ನ ಬಾಯಿ ಬಿಡಾಕ ಎಲ್ಲಿ ಬಿಟ್ರು?”

ನಾನು ಪುಸ್ತಕ ಮುಚ್ಚಿ ಚೀಲದಲ್ಲಿಟ್ಟೆ.

ಗರ್ಭಕೋಶದ ಒಳಪದರದ ಚೂರು ಸಿಸೇರಿಯನ್ ಗಾಯದಲ್ಲಿ ಅಂಟಿ ಬೆಳೆದಿರಬಹುದು, ಮುಟ್ಟಿನ ದಿನಗಳಲ್ಲಿ ಅದೂ ಬಾತುಕೊಂಡು ನೋಯುತ್ತದೆ, ಇದು ಅಪರೂಪ ಎಂದು ವೈದ್ಯೆ ವಿವರಿಸಿದರು. “ಆದ್ರ ತಗದು ಪರೀಕ್ಷಾ ಮಾಡದ ಖಾತ್ರಿ ಹೇಳಾಂಗಿಲ್ರಿ.”

ಶಸ್ತ್ರಚಿಕಿತ್ಸೆಯಾಯಿತು. ಕೆಡದಂತೆ ಕಾಯುವ ದ್ರವದಲ್ಲಿ ಮುಳುಗಿಸಿದ ಆ ತುಣುಕಿನ ಡಬ್ಬಿಯನ್ನು ಮಿರಜದ ಪ್ರಯೋಗಾಲಯಕ್ಕೆ ನಾನೇ ಒಯ್ದೆ. ರೈಲಿನಲ್ಲಿ ಅದನ್ನು ತೊಡೆಯಿಂದ ಕೆಳಗಿಡಲಿಲ್ಲ. ವರದಿ ಬಂದಾಗ ಲಕೋಟೆಯನ್ನು ಒಡೆಯದೆ ಅವಳ ಕೈಗಿತ್ತೆ. ಅವಳೇ ಅದನ್ನು ವೈದ್ಯೆಗೆ ಕೊಟ್ಟಳು. ಅವರು ಅವಳತ್ತ ತಿರುಗಿ ಓದಿದರು: ಒಳಪದರದ ಅಂಗಾಂಶವೇ ಹೌದು, ಕ್ಯಾನ್ಸರ್ ಇಲ್ಲ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಚೀಲದತ್ತ ಕೈ ತೋರಿಸಿ, “ಈಗ ಬರಕೋರಿ,” ಎಂದಳು.

ನೋಟುಪುಸ್ತಕ ತೆಗೆದು ಬರೆದೆ: ೨೧ ನವೆಂಬರ್ ೨೦೧೯.